ಅಳೆದು ಹೇಳಿದ ಸುಳ್ಳು

ತಾಯಮ್ಮ ಮೇಡಂ ಸುಳ್ಳು ಹೇಳುವ ಮೊದಲು ಅಳತೆ ತೆಗೆಯುತ್ತಿದ್ದರು. ಅವರ ಚೀಲದಲ್ಲಿ ಸೀಮೆಸುಣ್ಣದ ತುಂಡುಗಳು, ಎಲೆ ಅಡಿಕೆಯ ಪೊಟ್ಟಣ, ಇವುಗಳ ಜೊತೆಗೆ ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವಂಥ ಹಳದಿ ಟೇಪೊಂದು ಸದಾ ಇರುತ್ತಿತ್ತು. ಶಾಲೆಯ ಕಿಟಕಿ, ಬಸ್ಸಿನ ಮೆಟ್ಟಿಲು, ಆಲೆಮನೆಯ ಕೊಪ್ಪರಿಗೆಯ ಬಾಯಿ, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ನಿಂತು ಅಳೆಯುತ್ತಿದ್ದರು. ಒಮ್ಮೆ ಆಲೆಮನೆಯವನು ತಡೆಯಲಾರದೆ ಕೇಳಿಯೇಬಿಟ್ಟ.

"ಏನ್ ಮೇಡಂ, ಕೊಪ್ಪರಿಗೆ ಮಾಡಿಸ್ಬೇಕಾ?"

"ಇಲ್ಲ ಕಣಪ್ಪ. ಒಬ್ಬಳು ಹೆಂಗಸು ಇದರೊಳಗೆ ಇಳಿದು ತೌರಿಗೆ ಹೋಗ್ತಾಳೆ. ಹಿಡೀತಾಳೋ ಇಲ್ವೋ ನೋಡ್ತಿದ್ದೆ."

ಅವನು ಒಲೆಗೆ ಕಬ್ಬಿನ ಸಿಪ್ಪೆ ಹಾಕುವುದನ್ನು ಮರೆತು ನಿಂತ. ಮೇಡಂ ಟೇಪು ಸುತ್ತಿಕೊಂಡು, "ಹಿಡೀತಾಳೆ," ಎಂದು ನನಗೆ ಹೇಳಿದರು. "ಬರ್ಕೊ."

ನಾನು ಬರೆದುಕೊಂಡೆ. ಬರೆದುಕೊಳ್ಳುವುದು ನನ್ನ ಹುಟ್ಟುಗುಣ. ತೊಂಬತ್ನಾಲ್ಕರ ಜೂನಿನಲ್ಲಿ ಪಾಂಡವಪುರದ ಒಂದು ಪ್ರೈಮರಿ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವಯಸ್ಸು. ಆ ಹೊತ್ತಿಗಾಗಲೇ ನನ್ನ ಬಳಿ ಆರು ವರ್ಷದ ಡೈರಿಗಳಿದ್ದವು. ಮಳೆ ಬಂದ ದಿನಗಳು, ಬಸ್ಸು ತಡವಾದ ನಿಮಿಷಗಳು, ಓದಿದ ಪುಟಗಳು, ಎಲ್ಲಕ್ಕೂ ತಿಂಗಳ ಕೊನೆಗೆ ಮೊತ್ತ. ಮೊದಲ ದಿನ ಊಟದ ಬಿಡುವಿನಲ್ಲಿ ನಾನು ಬರೆಯುತ್ತಿದ್ದುದನ್ನು ಮೇಡಂ ಭುಜದ ಮೇಲಿಂದ ಬಗ್ಗಿ ಓದಿದರು. "ಬಸ್ಸು ಒಂಬತ್ತು ನಿಮಿಷ ತಡ. ಮಕ್ಕಳು ಮೂವತ್ತೇಳು. ಹಿರಿಯ ಶಿಕ್ಷಕಿಯೊಬ್ಬರು ನನ್ನನ್ನು ನೋಡಿ ಮೂರು ಸಲ ನಕ್ಕರು." ಓದಿ ಮತ್ತೆ ನಕ್ಕರು.

"ನಾಲ್ಕು ಅಂತ ತಿದ್ದು. ನಿನ್ನಂಥೋಳನ್ನೇ ನಾನು ಹುಡುಕ್ತಿದ್ದೆ ಕಣವ್ವ. ನಂಗೆ ಸುಳ್ಳು ಬರುತ್ತೆ, ಲೆಕ್ಕ ಬರಲ್ಲ."

ಅಂದಿನಿಂದ ನಾನು ಅವರಿಗೆ ಲೆಕ್ಕದವ್ವ.

ಮೇಡಂ ಸಣ್ಣ ಕತೆಗಳನ್ನು ಬರೆಯುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯೇ ಅವರ ಕಾಗದ. ಅವರ ಅಕ್ಷರ ಮಳೆಯಲ್ಲಿ ಓಡಿದ ಕೋಳಿಯ ಹೆಜ್ಜೆಯಂತಿದ್ದುದರಿಂದ ಶುದ್ಧಪ್ರತಿ ಮಾಡುವ ಕೆಲಸ ನನ್ನದಾಯಿತು. ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ಕತೆ ನಕಲು ಮಾಡಿದೆ. ಹತ್ತೊಂಬತ್ತರಲ್ಲೂ ಆಗಲಾರದ ಸಂಗತಿ ತಲಾ ಒಂದು. ಆಶ್ಚರ್ಯಸೂಚಕ ಚಿಹ್ನೆ ಒಂದೂ ಇಲ್ಲ. ಎರಡೂ ಅವರ ಕಟ್ಟುನಿಟ್ಟು.

"ಸತ್ತೋನು ಎದ್ದು ಬಂದ ಅನ್ನೋವಾಗ ದನಿ ಎತ್ತಬ್ಯಾಡ," ಎನ್ನುತ್ತಿದ್ದರು. "ಸಾರಿಗೆ ಉಪ್ಪು ಕಮ್ಮಿ ಅಂದಂಗೆ ಹೇಳು. ಅವನು ಯಾವ ಬಸ್ಸಲ್ಲಿ ಬಂದ, ಸೀಟು ಸಿಕ್ತಾ, ನಿಂತ್ಕೊಂಡು ಬಂದ್ನಾ, ಅದನ್ನ ಸರಿಯಾಗಿ ಹೇಳು. ಬಸ್ಸು ನಿಜ ಆದ್ರೆ ಅವನೂ ನಿಜ ಆಯ್ತಾನೆ. ಎರಡು ಸುಳ್ಳು ಹೇಳಿದ್ಯೋ, ಬಸ್ಸೂ ಹೋಯ್ತು, ಅವನೂ ಹೋದ."

ಅವರ ಗಂಡ ಸಿದ್ದೇಗೌಡರು ಗದ್ದೆಯಿಂದ ಬಂದು ಜಗುಲಿಯಲ್ಲಿ ಕಾಲು ಚಾಚಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಿಮ್ ಮೇಡಂ ಕತೇಲಿ ನಾನು ಯಾವಾಗ್ಲೂ ಸತ್ತೋಗಿರ್ತೀನಿ ಕಣವ್ವ," ಎಂದು ಒಮ್ಮೆ ನನಗೆ ದೂರು ಹೇಳಿದರು. "ಊಟದೊತ್ಗೆ ಮಾತ್ರ ಎದ್ದು ಬತ್ತೀನಿ."

"ಬದುಕಿದ್ದಾಗ್ಲೂ ಅಷ್ಟೇ ಅಲ್ವಾ ನೀವು," ಎಂದರು ಮೇಡಂ ಒಳಗಿನಿಂದ.

ಹೊಸಹೊಳಲಿನ ಕತೆಗಾಗಿ ಅವರು ನನ್ನನ್ನು ಒಂದು ಭಾನುವಾರ ಕೆ.ಆರ್. ಪೇಟೆ ಬಸ್ಸು ಹತ್ತಿಸಿದರು. ಅಲ್ಲಿಯ ಲಕ್ಷ್ಮೀನಾರಾಯಣ ಗುಡಿಯ ಗೋಡೆಯ ಬುಡದಲ್ಲಿ ಸುತ್ತಲೂ ಕಲ್ಲಿನ ಆನೆಗಳ ಸಾಲಿದೆ. ಒಂದು ಬದಿಯ ಆನೆಗಳನ್ನು ಎಣಿಸಿಕೊಂಡು ಬರಬೇಕು, ಇಷ್ಟೇ ಕೆಲಸ. ಸೆಪ್ಟೆಂಬರಿನ ಮಧ್ಯಾಹ್ನ. ಗುಡಿಯಂಗಳದಲ್ಲಿ ಪೂಜೆಯವರ ಮನೆಯ ಅಜ್ಜಿಯೊಬ್ಬರು ಬಿಟ್ಟರೆ ಯಾರೂ ಇಲ್ಲ. ಬಿಸಿಲು ಕಲ್ಲಿನ ಮೇಲೆ ಎಣ್ಣೆಯಂತೆ ನಿಂತಿತ್ತು. ಎಡದಿಂದ ಬಲಕ್ಕೆ ಎಣಿಸಿದೆ. ಬಲದಿಂದ ಎಡಕ್ಕೆ ಎಣಿಸಿದೆ. ಒಂದು ಕಡಿಮೆ ಬಂತು. ಮತ್ತೆ ಎಣಿಸುವಷ್ಟರಲ್ಲಿ ಹಿಂದಿರುಗುವ ಬಸ್ಸಿನ ಹಾರನ್ನು ಕೇಳಿಸಿತು. ಲೆಕ್ಕ ತಪ್ಪಿದ ನಾಚಿಕೆಯಲ್ಲಿ ಬೂಕನಕೆರೆ ದಾಟಿದರೂ ಕಿಟಕಿಯಾಚೆ ನೋಡಲಿಲ್ಲ.

ಮರುದಿನ ತಪ್ಪೊಪ್ಪಿಕೊಂಡಾಗ ಮೇಡಂ ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗಿಟ್ಟರು.

"ಒಂದು ಕಮ್ಮಿ ಬಂತಾ?"

"ಹೂಂ ಮೇಡಂ. ಕ್ಷಮಿಸಿ."

"ಕ್ಷಮಿಸೋದೇನು ಬಂತು? ಆ ಒಂದೇ ನಂಗೆ ಬೇಕಾಗಿದ್ದು. ನೀನು ಎರಡನೇ ಸಲ ಎಣಿಸೋವಾಗ ಅದು ನೀರು ಕುಡಿಯಕ್ಕೆ ಕೆರೆಗೆ ಹೋಗಿತ್ತು."

ಕತೆಯಲ್ಲಿ ಕಲ್ಲಿನ ಆನೆ ದಿನಾ ಮಧ್ಯಾಹ್ನ ಕೆರೆಗೆ ಹೋಗಿಬರುತ್ತದೆ. ಊರಿನವರು ಅದಕ್ಕೆ ಬೆರಗಾಗುವುದಿಲ್ಲ. ದಾರಿಯಲ್ಲಿ ಲದ್ದಿ ಹಾಕುತ್ತದಲ್ಲ, ಅದನ್ನು ಬಳಿಯುವವರು ಯಾರು ಎಂದು ಪಂಚಾಯ್ತಿಯಲ್ಲಿ ಜಗಳವಾಡುತ್ತಾರೆ, ಅಷ್ಟೇ. ನಕಲು ಮಾಡುವಾಗ ನನಗೆ ಆ ಲದ್ದಿಯ ಹಸಿ ವಾಸನೆ ಬಂದಿತೆಂದು ಡೈರಿಯಲ್ಲಿ ಬರೆದಿದ್ದೇನೆ. ಕಲ್ಲು ಮತ್ತು ಜೀವ ಬೇರೆ ಬೇರೆ ಎಂದು ಆವರೆಗೆ ನನಗಿದ್ದ ತಿಳಿವಳಿಕೆ ಆ ಪುಟದಲ್ಲಿ ಒದ್ದೆಯಾಯಿತು.

ಆ ಕತೆಯನ್ನು ಮೇಡಂ ಒಂದು ವಾರಪತ್ರಿಕೆಗೆ ಕಳಿಸಿದರು. "ಇದು ನಡೆದದ್ದೋ ಕಲ್ಪಿಸಿದ್ದೋ ಸ್ಪಷ್ಟಪಡಿಸಿ ಕಳಿಸಿ" ಎಂಬ ಚೀಟಿಯೊಂದಿಗೆ ಅದು ವಾಪಸು ಬಂತು. ಊರಿಗೆ ಬಂದಿದ್ದ ಕಾಲೇಜು ಮೇಷ್ಟ್ರೊಬ್ಬರು ಓದಿ, "ಮೇಡಂ, ಇದು ಮಾಂತ್ರಿಕ ವಾಸ್ತವ," ಎಂದು ಹೊಗಳಿದರು. ಅವರು ಹೋದ ಮೇಲೆ ಮೇಡಂ ನನ್ನನ್ನು ಕೇಳಿದರು, "ನಾನ್ಯಾವ ಮಾಟ ಮಾಡಿದ್ನವ್ವ?" ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ನಾಲೆಯನ್ನು ತೋರಿಸಿದರು. ಅವರ ಮನೆಯ ಹಿಂದೆಯೇ ನಾಲೆ ತುಂಬಿ ಹರಿಯುತ್ತಿತ್ತು. ಅದರಾಚೆ ನಾಟಿಯಾದ ಗದ್ದೆಗಳಲ್ಲಿ ಆಕಾಶ ತುಂಡು ತುಂಡಾಗಿ ಬಿದ್ದಿತ್ತು. "ತೂಬು ಎತ್ತಿ ನೀರು ಗದ್ದೆಗೆ ಬಿಟ್ಟ ಮೇಲೆ ಇದು ನಾಲೆ ನೀರು, ಇದು ಗದ್ದೆ ನೀರು ಅಂತ ಗೆರೆ ಎಳೆಯಕ್ಕಾಯ್ತದಾ? ಎಳೀರಿ ಅಂತಾವ್ರೆ ಇವ್ರು."

ಕತೆಗೆ ಗೆರೆ ಬೇಡವೆಂದವರನ್ನು ಬದುಕಿನ ಒಂದು ಗೆರೆ ಜೀವಮಾನವಿಡೀ ಕಾಡಿತ್ತು. ಅದನ್ನು ಅವರು ನನಗೆ ಹೇಳಿದ್ದು ಶ್ರೀರಂಗಪಟ್ಟಣದಲ್ಲಿ.

ಜನವರಿಯ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸ್ನಾನಘಟ್ಟದ ಮೆಟ್ಟಿಲು ಅಳೆಯಲೆಂದು ಹೋಗಿದ್ದೆವು. ಅಳೆದಾಗಿತ್ತು. ಹೊಳೆಯ ಮೇಲೆ ಇಳಿಬಿಸಿಲು ಮಲಗಿತ್ತು. ಬಟ್ಟೆ ಒಗೆಯುವವರ ಸದ್ದು ಬಟ್ಟೆ ಕಲ್ಲಿಗೆ ಬಿದ್ದು ಎಷ್ಟೋ ಹೊತ್ತಿನ ಮೇಲೆ ನಮ್ಮನ್ನು ಮುಟ್ಟುತ್ತಿದ್ದಂತಿತ್ತು. ಮೇಡಂ ಸೀರೆಯ ನೆರಿಗೆ ಎತ್ತಿ ಕಾಲನ್ನು ನೀರಿಗೆ ಬಿಟ್ಟರು.

"ಹೊಳೆ ಎರಡಾಗಿ ಈ ಊರನ್ನ ಬಳಸ್ಕೊಂಡು ಹೋಗಿ ಮುಂದೆ ಒಂದಾಯ್ತದೆ ನೋಡು. ನಾನೂ ನಮ್ಮಕ್ಕನೂ ಎರಡಾದೋರು ಎರಡಾಗೇ ಉಳಿದೋ ಅಷ್ಟೇ."

ಅವರ ತೌರು ನಾಗಮಂಗಲ ತಾಲ್ಲೂಕಿನ ದೇವಲಾಪುರ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಮೂವತ್ತೊಂದು ವರ್ಷದ ಹಿಂದೆ ಪಾಂಡವಪುರದ ನಾಲೆ ಬಯಲಿನ ಮನೆಯವರು ಹೆಣ್ಣು ನೋಡಲು ಬಂದರು. ನೋಡಬೇಕಾಗಿದ್ದುದು ಅಕ್ಕ ದೊಡ್ಡತಾಯಮ್ಮನನ್ನು. ಅಕ್ಕ ಬೆಳಿಗ್ಗೆಯೇ ಬಾವಿಯಿಂದ ನೀರು ಸೇದಿಟ್ಟು, ಹೊಸ ಸೀರೆ ಉಟ್ಟು ಒಳಕೋಣೆಯಲ್ಲಿ ಕೂತಿದ್ದಳು. ಬಂದವರಿಗೆ ನೀರು ಕೊಡಲು ಹೋದವಳು ತಂಗಿ. ಗಂಡಿನ ತಂದೆ ಲೋಟ ತೆಗೆದುಕೊಳ್ಳುತ್ತ, "ಓದಿದ್ದೀಯಾ ಮಗ?" ಎಂದು ಕೇಳಿ ಪಕ್ಕದಲ್ಲಿದ್ದ ಪೇಪರು ಕೊಟ್ಟರು. ಅವಳು ಗಟ್ಟಿಯಾಗಿ ಓದಿದಳು. ಅವರು ನೀರು ಕುಡಿದು, "ಈ ಮಗೀನೇ ಕೊಡಿ," ಎಂದರು.

"ಮನೇಲಿ ಇನ್ನೊಂದು ಹೊಸ ಸೀರೆ ತರೋ ಶಕ್ತಿ ಇರ್ಲಿಲ್ಲ. ಅಕ್ಕ ಉಟ್ಟಿದ್ದನ್ನೇ ಬಿಚ್ಚಿಸಿ ನಂಗೆ ಉಡಿಸಿ ಶಾಸ್ತ್ರ ಮಾಡಿದ್ರು. ಅವಳು ಬಾಯಿ ಬಿಡ್ಲಿಲ್ಲ. ಅದೇ ಊರಲ್ಲಿ ಮದುವೆಯಾಗಿ ಅಲ್ಲೇ ಉಳಿದ್ಲು. ನಂಗೆ ಹಿತ್ತಲಲ್ಲಿ ನಾಲೆ. ಅವಳಿಗೆ ಬಾವಿ, ಹಗ್ಗ."

ಅಕ್ಕ ತಂಗಿಯ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಹೋದರೆ ಉಣ್ಣಿಸಿ ಕಳಿಸುತ್ತಿದ್ದಳು. ತಂಗಿಯ ಮಕ್ಕಳ ನಾಮಕರಣ, ಮದುವೆ, ಎಲ್ಲಕ್ಕೂ ಬಂದಳು. ಆದರೆ ಬರುವಾಗ ಒಂದು ತಂಬಿಗೆಯಲ್ಲಿ ತನ್ನ ಬಾವಿಯ ನೀರು ತಂದು, ಅದನ್ನೇ ಕುಡಿದು ಹೋಗುತ್ತಿದ್ದಳು. ಪಾಂಡವಪುರದ ಮನೆಯ ಒಂದು ಗುಟುಕು ನೀರನ್ನೂ ಈವರೆಗೆ ಮುಟ್ಟಿಲ್ಲ.

"ನಂಗೆ ಇನ್ನೇನೂ ಬ್ಯಾಡ ಕಣೆ ಲೆಕ್ಕದವ್ವ. ನಮ್ಮಕ್ಕ ನನ್ನ ಮನೇಲಿ ಒಂದು ಲೋಟ ನೀರು ಕುಡಿಯಬೇಕು."

ಇಪ್ಪತ್ತನೆಯ ಕತೆ ಅಲ್ಲಿ ಹುಟ್ಟಿತು. ಒಣ ಊರಿನ ಅಕ್ಕ ತನ್ನ ಬಾವಿಗೆ ಬಿಂದಿಗೆ ಇಳಿಬಿಡುತ್ತಾಳೆ. ಅದು ನಾಲೆ ಊರಿನ ತಂಗಿಯ ಹಿತ್ತಲಲ್ಲಿ, ನಾಲೆಯ ಮೇಲೆ, ಆಕಾಶದಿಂದ ಇಳಿದುಬರುತ್ತದೆ. ತಂಗಿ ತುಂಬಿಸಿ ಹಗ್ಗವನ್ನು ಒಂದು ಸಲ ಎಳೆಯುತ್ತಾಳೆ. ಅಕ್ಕ ಸೇದಿಕೊಳ್ಳುತ್ತಾಳೆ. ದಿನವೂ ಹೀಗೆ. ಇಬ್ಬರೂ ಮಾತಾಡುವುದಿಲ್ಲ. ಹಗ್ಗದ ಉದ್ದ ಎಂಟು ಮಾರು ಎಂದು ಮೇಡಂ ಬರೆದಿದ್ದರು. ಮದುವೆಗೆ ಮುಂಚೆ ತಾವೇ ಸೇದಿದ ಹಗ್ಗ, ಚೆನ್ನಾಗಿ ನೆನಪಿದೆ ಎಂದರು. ಆದರೂ ಅವರ ಕಟ್ಟುನಿಟ್ಟು ಬಿಡಲಿಲ್ಲ. ಫೆಬ್ರವರಿಯಲ್ಲಿ ನನ್ನ ಕೈಗೆ ಟೇಪು ಕೊಟ್ಟು ದೇವಲಾಪುರಕ್ಕೆ ಕಳಿಸಿದರು.

ದೊಡ್ಡತಾಯಮ್ಮ ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ಸಣ್ಣ ಆಳು, ತೆಳ್ಳಗೆ, ಅಂಗೈ ಮಾತ್ರ ಗಂಡಸಿನದರಂತೆ ಅಗಲ. ತಂಗಿಯ ಶಾಲೆಯವಳೆಂದು ಹೇಳಿಕೊಂಡು ಹಗ್ಗ ಅಳೆಯಬೇಕೆಂದೆ.

"ಯಾಕವ್ವ, ಅಗ್ಗಕ್ಕೂ ಸರ್ಕಾರ್ದೋರು ಕಂದಾಯ ಆಕ್ತಾವ್ರಾ?"

"ಇಲ್ಲ ದೊಡ್ಡವ್ವ, ಮೇಡಂ ಕತೆಗೆ."

"ಕತೆಗೆ ಅಗ್ಗ ಬೇಕಾ? ನೇಣಾಕತಾಳಾ ಯಾರ್ನಾದ್ರೂವೆ?"

ನಗಲೋ ಬೇಡವೋ ತಿಳಿಯದೆ ನಾನು ಟೇಪು ಹಿಡಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. "ಆ ದಾರ ಬುಡು. ಮಾರು ಅನ್ನದು ಸೇದೋಳ ತೋಳ್ನಾಗೆ ಅಳೆಯಾದು." ಎರಡೂ ತೋಳು ಚಾಚಿ, ಹಗ್ಗವನ್ನು ಒಂದು ಬೆರಳ ತುದಿಯಿಂದ ಇನ್ನೊಂದಕ್ಕೆ ಹಿಡಿಯುತ್ತ ತಾವೇ ಅಳೆದರು. ಅವರ ಒಂದು ಮಾರು ನನ್ನ ಟೇಪಿನ ಪೂರ್ತಿ ಉದ್ದ, ಸರಿಯಾಗಿ ಅರವತ್ತು ಅಂಗುಲ. ಹಗ್ಗಕ್ಕೆ ಮೂರು ಕಡೆ ಗಂಟು. ಹಳೆಯದು ತೆಂಗಿನ ನಾರು, ಆಮೇಲಿನವು ಬೇರೆ ಬೇರೆ ಕಾಲದ ಬೇರೆ ಬೇರೆ ಹಗ್ಗ.

"ನೀರು ಕೆಳೀಕೆ ಓದಂಗೆಲ್ಲ ಒಂದೊಂದು ಮಾರು ಕಟ್ತಾ ಬಂದೆ."

"ಬೀದೀಲಿ ಬೋರ್‌ವೆಲ್ ಇದೆಯಲ್ಲ ದೊಡ್ಡವ್ವ?"

"ಅದ್ರಾಗೆ ಬ್ಯಾಳೆ ಬೇಯಾಕಿಲ್ಲ."

ಸೋಮವಾರ ಮೇಡಂಗೆ ಹೇಳಿದೆ. "ಹನ್ನೊಂದು ಮಾರು."

"ಎಂಟಲ್ವಾ?"

"ಹನ್ನೊಂದು. ಎರಡು ಸಲ ಅಳೆದೆವು. ಎರಡು ಸಲವೂ ಹನ್ನೊಂದು. ಮೂರು ಗಂಟು ಇವೆ."

ಆನೆಯ ಲೆಕ್ಕ ತಪ್ಪಿದಾಗ ಹಿಗ್ಗಿದವರು ಈ ಲೆಕ್ಕ ಸರಿಯಾದಾಗ ಕೂತಲ್ಲೇ ಕೂತರು. ಪಾಠದ ಗಂಟೆ ಹೊಡೆದರೂ ಏಳಲಿಲ್ಲ. ಕೊನೆಗೆ, "ಮೂವತ್ತು ವರ್ಷ ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು ಬಂದೆ," ಎಂದರು. "ಒಂದು ದಿನವೂ ನೀರು ಸೇದಲಿಲ್ಲ ನೋಡು."

ಕತೆಯನ್ನು ಹರಿದು ಹಾಕಿದರು. ಜೂನಿನವರೆಗೆ ಏನೂ ಬರೆಯಲಿಲ್ಲ. ಆಮೇಲೊಂದು ದಿನ ಅವರ ಮನೆಗೆ ಹೋದಾಗ ನಡುಮನೆಯ ತುಂಬ ಹಸಿರು ಸೀರೆಯೊಂದನ್ನು ಹಾಸಿಕೊಂಡು ಅದರ ಮೇಲೆ ಮೊಣಕಾಲೂರಿ ಟೇಪು ಮಗುಚುತ್ತಿದ್ದರು. "ಮೂರೂವರೆ ಟೇಪಿನ ಮೇಲೆ ಚೂರು," ಎಂದರು. "ಗಂಟಿಗೆ ಅರ್ಧ ಹೋಯ್ತು ಅಂದ್ರೂ ಅಕ್ಕನ ಮಾರಿಗೆ ಮೂರು ಮಾರು." ಅವರ ಮುಖದಲ್ಲಿ ಕಳೆದುಹೋದ ಮಗು ಸಿಕ್ಕಿದಂಥ ಬೆಳಕಿತ್ತು.

ಹೊಸ ಕತೆಯಲ್ಲಿ ಬಿಂದಿಗೆ ದಿನವೂ ನಾಲೆಯ ಮೇಲೆ ಮೂರು ಮಾರು ಎತ್ತರದಲ್ಲಿ ನಿಂತುಬಿಡುತ್ತದೆ. ನೀರಿಗೆ ಎಟುಕುವುದಿಲ್ಲ. ತಂಗಿ ಅದರ ಕೆಳಗೇ ಬಟ್ಟೆ ಒಗೆಯುತ್ತಾಳೆ, ಅದರ ನೆರಳಲ್ಲೇ ಮಕ್ಕಳನ್ನು ಮೀಯಿಸುತ್ತಾಳೆ, ತಲೆಯೆತ್ತುವುದಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ತಲೆಯೆತ್ತಿ ನೋಡುತ್ತಾಳೆ. ಉಟ್ಟ ಸೀರೆ ಬಿಚ್ಚಿ ಒಂದು ತುದಿಯನ್ನು ಗಾಳಿಗೆ ಎಸೆಯುತ್ತಾಳೆ. ಅದು ಬಾವಿಯ ಬಾಯಿಗೆ ಮುಟ್ಟಿ, ಅಕ್ಕ ಹಿಡಿದ ಹಗ್ಗಕ್ಕೆ ಮೂರು ಮಾರಾಗಿ ಕೂಡುತ್ತದೆ. ಬಿಂದಿಗೆ ನೀರು ಮುಟ್ಟುತ್ತದೆ.

ನವೆಂಬರಿನಲ್ಲಿ ಮೇಡಂ ಹಾಸಿಗೆ ಹಿಡಿದರು. ಎರಡೂ ಕಿಡ್ನಿ ಸೋತಿವೆ ಎಂದರು ಡಾಕ್ಟರು. ನೀರು ದಿನಕ್ಕೆ ನಾಲ್ಕೇ ಲೋಟ. ಗೋಡೆಯ ಕ್ಯಾಲೆಂಡರಿನಲ್ಲಿ ಲೋಟಕ್ಕೊಂದು ಗೀಟಿನಂತೆ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಬೆಳಿಗ್ಗೆ ಸಿದ್ದೇಗೌಡರು, ಶಾಲೆ ಬಿಟ್ಟ ಮೇಲೆ ನಾನು. ಕಿಟಕಿಯಾಚೆ ನಾಲೆ ಹಗಲೆಲ್ಲ ಹರಿಯುತ್ತಿತ್ತು. ಅದರ ಮಿನುಗು ಮಾಡಿನ ಒಳಮೈಯಲ್ಲಿ ಅಲೆಯಾಡುತ್ತಿತ್ತು. ಒಣಗಿದ ತುಟಿಯ ಮೇಡಂ ಅದನ್ನೇ ನೋಡುತ್ತ ಮಲಗಿರುತ್ತಿದ್ದರು.

"ಒಣ ಊರು ಯಾವುದು, ನೀರಿನ ಊರು ಯಾವುದು ಅಂತ ಈಗ ಹೇಳು ನೋಡಾಣ," ಎಂದರು ಒಂದು ಸಂಜೆ. "ನಾನೇ ದೇವಲಾಪುರ ಆಗ್ಬುಟ್ಟೆ ಕಣವ್ವ."

ಡಿಸೆಂಬರಿನಲ್ಲಿ ಕತೆಯ ಪ್ರತಿ ನನ್ನ ಕೈಗಿತ್ತರು. "ಅಕ್ಕನಿಗೆ ಓದಕ್ಕೆ ಬರಲ್ಲ. ಹೋಗಿ ಓದಿ ಹೇಳು. ಕಾಯಿಲೆ ವಿಷಯವೂ ಹೇಳು. ಬಾ ಅಂತ ಮಾತ್ರ ಕರೀಬ್ಯಾಡ. ಅವಳೇನಂದ್ಲು ಅಂತ ಒಂದಕ್ಷರ ಬಿಡದೆ ಬರ್ಕೊಂಡು ಬಾ."

ದೊಡ್ಡತಾಯಮ್ಮ ಅವರೆಕಾಯಿ ಸುಲಿಯುತ್ತ ಕೇಳಿದರು. ಬಿಂದಿಗೆ ಆಕಾಶದಿಂದ ಇಳಿದಾಗ ಅವರ ಕೈ ನಿಲ್ಲಲಿಲ್ಲ. ಮೂರು ಮಾರು ಸಾಲದಾದಾಗ ನಿಂತಿತು. ಕತೆ ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ಯಾವ ಸೀರೆ ಬಿಚ್ಚಿದ್ಲು?"

ಪುಟಗಳನ್ನು ತಿರುವಿ ನೋಡಿದೆ. ಸೀರೆಯ ಉದ್ದವಿತ್ತು, ಬಣ್ಣವಿರಲಿಲ್ಲ. ಆದರೆ ನಡುಮನೆಯಲ್ಲಿ ಹಾಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆನಲ್ಲ. "ಹಸಿರು," ಎಂದೆ. "ಕೆಂಪು ಅಂಚು."

"ಮಡಗವ್ಳಾ ಇನ್ನೂವೆ," ಎಂದರು ಅವರು, ನನಗಲ್ಲ, ಮೊರದಲ್ಲಿದ್ದ ಕಾಳಿಗೆ.

ಮುಂದಿನ ಬುಧವಾರ ಸಂಜೆ ನಾನು ಹೋಗುವಷ್ಟರಲ್ಲಿ ಪಾಂಡವಪುರದ ಮನೆಯ ಬಾಗಿಲಲ್ಲಿ ಸವೆದ ಚಪ್ಪಲಿಯೊಂದಿತ್ತು. ಅಕ್ಕ ತಂಗಿಯ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಎಂದಿನಂತೆ ತಂಬಿಗೆ ಮಗ್ಗುಲಲ್ಲಿತ್ತು, ಬಾಯಿಗೆ ಬಟ್ಟೆ ಕಟ್ಟಿ. ಅದನ್ನು ನೋಡಿದೊಡನೆ ನನಗೆ ಅಳು ಬಂತು. ಈ ಸಲವೂ ತಂದಿದ್ದಾರಲ್ಲ ಎನ್ನಿಸಿತು.

ಕ್ಯಾಲೆಂಡರಿನಲ್ಲಿ ಮೂರು ಗೀಟು ಬಿದ್ದಿದ್ದವು. "ಇನ್ನೊಂದು ಲೋಟ ಐತೆ," ಎಂದರು ಮೇಡಂ.

ದೊಡ್ಡತಾಯಮ್ಮ ಬಟ್ಟೆ ಬಿಚ್ಚಿ, ತಂಬಿಗೆಯ ನೀರನ್ನು ತಂಗಿಯ ಲೋಟಕ್ಕೆ ಬಗ್ಗಿಸಿದರು. "ಕುಡಿ. ಅನ್ನೊಂದು ಮಾರು ಕೆಳಗ್ಲುದು." ತಲೆಯ ಹಿಂದೆ ಕೈಕೊಟ್ಟು ಎತ್ತಿ ಕುಡಿಸಿದರು. ಮೇಡಂ ಗುಟುಕು ಗುಟುಕಾಗಿ, ಲೋಟದ ತಳದವರೆಗೆ ಕುಡಿದರು. ಅಕ್ಕ ಸೆರಗಿನಿಂದ ಅವರ ಬಾಯೊರೆಸಿ, ಖಾಲಿ ಲೋಟವನ್ನು ನನ್ನತ್ತ ಚಾಚಿದರು.

"ನಂಗೂ ಒಂದ್ ಲೋಟ ತತ್ತಾರವ್ವ. ಈ ಮನೇದು."

ಅಡುಗೆಮನೆಯಿಂದ ತಂದುಕೊಟ್ಟೆ. ಸಿದ್ದೇಗೌಡರು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದರು. ದೊಡ್ಡತಾಯಮ್ಮ ಲೋಟವನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿ, ಎತ್ತಿಕೊಂಡು ಒಂದೇ ಉಸಿರಿಗೆ ಕುಡಿದರು. ಆಮೇಲೆ ನಾಲಿಗೆಯಿಂದ ತುಟಿ ಸವರಿ ಯೋಚಿಸಿದರು.

"ಸಪ್ಪಗೈತೆ. ಲೇ, ಇದ್ಕಾ ನಾನು ಇಷ್ಟೊರ್ಸ ಒಟ್ಟೆ ಉರ್ಕಂಡಿದ್ದು?"

ಮೇಡಂ ನಕ್ಕರು. ಹಾಸಿಗೆ ಹಿಡಿದ ಮೇಲೆ ಅವರು ಹಾಗೆ ನಕ್ಕಿರಲಿಲ್ಲ. ನಗುತ್ತಲೇ ಪೆಟ್ಟಿಗೆಯತ್ತ ಕೈ ತೋರಿಸಿದರು. ಒಳಗೆ ಹಸಿರು ಸೀರೆ ಮಡಿಸಿಟ್ಟಿತ್ತು. ಅಕ್ಕ ಅದನ್ನು ತೆಗೆದು ಮೂಸಿದರು, ಚೀಲಕ್ಕೆ ಹಾಕಿಕೊಂಡರು. ನಾನು ಹೊರಡುವಾಗ ಮೇಡಂ, "ಬರ್ಕೊಂಡ್ಯಾ ಲೆಕ್ಕದವ್ವ?" ಎಂದು ಕೇಳಿದರು. ಅವರು ನನಗೆ ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು. ಸಂಕ್ರಾಂತಿ ಕಳೆದ ಎಂಟನೆಯ ದಿನ ಹೋದರು. ಅಂದಿನ ಕ್ಯಾಲೆಂಡರಿನಲ್ಲಿ ಗೀಟು ಎರಡು.

ಏಪ್ರಿಲ್‌ನಲ್ಲಿ, ರಜೆ ಶುರುವಾದ ಮೊದಲ ಭಾನುವಾರ, ನಕಲು ಮಾಡಿದ ಇಪ್ಪತ್ತು ಕತೆಗಳನ್ನು ತೆಗೆದುಕೊಂಡು ದೇವಲಾಪುರಕ್ಕೆ ಹೋದೆ. ಬಿಸಿಲಿಗೆ ಊರು ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು. ಬಾವಿಯ ರಾಟೆಯ ಮೇಲಿನ ಹಗ್ಗದ ತುದಿಗೆ, ಕೈ ಹಿಡಿಯುವ ಕಡೆಗೆ, ಹುರಿ ಮಾಡಿದ ಹಸಿರು ಸೀರೆ ಕಟ್ಟಿತ್ತು.

"ನೀರು ಇನ್ನೂ ಕೆಳೀಕೋಯ್ತು," ಎಂದರು ದೊಡ್ಡತಾಯಮ್ಮ, ಚಾಪೆಯ ಮೇಲೆ ಮೆಣಸಿನಕಾಯಿ ಹರಡುತ್ತ. "ಆಗಿನ್ ಕಾಲದ್ ನೂಲು, ಗಟ್ಟಿಯಾಗೈತೆ. ನೀನೇ ಸೇದವ್ವ ಒಂದ್ ಬಿಂದಿಗೆ."

ಇಳಿಬಿಟ್ಟೆ. ಒಂದು ಗಂಟು ರಾಟೆಯ ಮೇಲೆ ಹಾದುಹೋಯಿತು, ಎರಡು, ಮೂರು. ಆಮೇಲೆ ಅಂಗೈಗೆ ಸೀರೆ ಬಂತು, ಬಿಸಿಲಿಗೆ ಬೆಚ್ಚಗೆ. ಅದರ ಕೊನೆಯಲ್ಲಿ ಬಿಂದಿಗೆ ನೀರು ಮುಟ್ಟಿತು. ತುಂಬಲೆಂದು ಕಾದು ನಿಂತೆ. ಆಗ ಕೆಳಗಿನಿಂದ ಹಗ್ಗವನ್ನು ಯಾರೋ ಎಳೆದರು. ಜೋರಾಗಿ ಅಲ್ಲ, ಒಂದೇ ಸಲ.

ನಾನು ಹಿಂತಿರುಗಿ ನೋಡಿದೆ. ದೊಡ್ಡತಾಯಮ್ಮ ತಲೆಯೆತ್ತಲಿಲ್ಲ.

"ತುಂಬ್ತಂತಾ? ಸೇದ್ಕೋ ಮತ್ತೆ," ಎಂದರು, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ಸಹಜವಾಗಿ.

ಬಸ್ಸಿನಲ್ಲಿ ಕೂತು ಅಂದಿನ ಪುಟ ಬರೆದೆ. ಅಳೆಯದ್ದನ್ನು ನಾನು ಡೈರಿಯಲ್ಲಿ ಎಂದೂ ಬರೆದವಳಲ್ಲ.

ಭಾನುವಾರ, ದೇವಲಾಪುರ. ಬಸ್ಸು ಸಮಯಕ್ಕೆ ಸರಿಯಾಗಿ ಬಂತು. ಹಗ್ಗ ಹನ್ನೊಂದು ಮಾರು. ಸೀರೆ ಮೂರು. 

ಎಳೆತ ಒಂದು.